ನೀರುಬಣ್ಣದ ಕಾಗದವನ್ನು ನೆಟ್ಟಗಿಡುವ ಬಗೆ

ಕಳೆದ ನವೆಂಬರಿನಲ್ಲಿ ಮುಂಬಯಿಯ ಉಪನಗರವೊಂದರ ಕನ್ನಡ ಸಂಘವು ರಾಜ್ಯೋತ್ಸವದ ಅಂಗವಾಗಿ ತನ್ನ ಸದಸ್ಯರ ಚಿತ್ರಗಳ ಪ್ರದರ್ಶನವೊಂದನ್ನು ಏರ್ಪಡಿಸಿತ್ತು. ನಮಗೂ ಕರೆ ಬಂದಿತ್ತು, ಹೋಗಿದ್ದೆವು. ಸ್ಥಳವೇನೂ ದೊಡ್ಡದಲ್ಲ, ಶಾಲೆಯೊಂದರ ಎರಡು ಕೊಠಡಿಗಳು. ಗೋಡೆಯುದ್ದಕ್ಕೂ ದಾರ ಕಟ್ಟಿ, ಬಟ್ಟೆ ಒಣಹಾಕುವ ಚಿಮುಟಿಗಳಿಂದ ಚಿತ್ರಗಳನ್ನು ತೂಗಹಾಕಿದ್ದರು. ಬರೆದವರಲ್ಲಿ ಗುಮಾಸ್ತರಿದ್ದರು, ಗುಮಾಸ್ತರ ಮಕ್ಕಳಿದ್ದರು, ಹೋಟೆಲುಗಳಲ್ಲಿ ದುಡಿಯುವ ತರುಣರೂ ನಾಲ್ಕಾರು ಮಂದಿ ಇದ್ದರು. ಹಗಲೆಲ್ಲ ದುಡಿದು, ರಾತ್ರಿ ಉಳಿದ ಒಂದೆರಡು ತಾಸಿನಲ್ಲಿ ಕುಂಚ ಹಿಡಿದವರ ಕೆಲಸವೆಂಬುದನ್ನು ನೆನೆದಾಗ ಸಂತೋಷವೇ ಆಯಿತು.

ಆದರೆ ಬಾಗಿಲಲ್ಲಿ ನಿಂತು ನೋಡುತ್ತಲೇ ಒಂದು ಸಂಗತಿಯು ಕಣ್ಣಿಗೆ ಚುಚ್ಚಿತು. ಮುಕ್ಕಾಲು ಪಾಲು ಹಾಳೆಗಳು ತಗಡಿನ ಮಾಡಿನಂತೆ ಏರಿಳಿದಿದ್ದವು. ಟ್ಯೂಬುಲೈಟಿನ ಬೆಳಕು ಓರೆಯಾಗಿ ಬಿದ್ದು, ಪ್ರತಿಯೊಂದು ಉಬ್ಬಿನ ಪಕ್ಕದಲ್ಲಿಯೂ ಒಂದೊಂದು ನೆರಳು ಕುಳಿತಿತ್ತು. ಯಕ್ಷಗಾನದ ಬಣ್ಣದ ವೇಷವೊಂದರ ಮುಖವು ಕೆನ್ನೆಯ ಬಳಿ ಸೊಟ್ಟಗಾಗಿತ್ತು. ಗೇಟ್‌ವೇ ಆಫ್ ಇಂಡಿಯಾದ ಕಮಾನು ಸೊಂಟ ಮುರಿದಂತೆ ಕಾಣುತ್ತಿತ್ತು.

ಮೂಲೆಯಲ್ಲಿದ್ದ ಚಿತ್ರವೊಂದರ ಮುಂದೆ ನಾವು ಹೆಚ್ಚು ಹೊತ್ತು ನಿಂತೆವು. ಮರವಂತೆಯ ಬಳಿ ಸೌಪರ್ಣಿಕಾ ನದಿ, ಅದರ ಮೇಲೊಂದು ಒಂಟಿ ದೋಣಿ, ಮೇಲೆ ಸಂಜೆಯ ಆಕಾಶ. ದೋಣಿಯ ರೇಖೆಯಲ್ಲಿ ಕಸುವಿತ್ತು. ನೀರಿನ ಬಣ್ಣದಲ್ಲಿ ಕಣ್ಣಿಟ್ಟು ನೋಡಿದವನ ಅನುಭವವಿತ್ತು. ಆದರೆ ಆಕಾಶವು ಪಟ್ಟೆಪಟ್ಟೆಯಾಗಿ ಹೋಗಿತ್ತು. ಕಾಗದವು ಎಲ್ಲಿ ತಗ್ಗಿತ್ತೋ ಅಲ್ಲಿ ಬಣ್ಣವು ಹರಿದುಬಂದು ನಿಂತು ಕಪ್ಪಾಗಿತ್ತು. ಎಲ್ಲಿ ಉಬ್ಬಿತ್ತೋ ಅಲ್ಲಿ ಬಣ್ಣವು ಜಾರಿಹೋಗಿ ಬಿಳಿಚಿತ್ತು. ತೀರ್ಪುಗಾರರಲ್ಲೊಬ್ಬರು, “ಕೈಯೇನೋ ಉಂಟು, ಆದರೆ ಕಾಗದವನ್ನು ಕೆಡಿಸಿಬಿಟ್ಟಿದ್ದಾನೆ” ಎಂದು ಮುಂದಕ್ಕೆ ನಡೆದರು. ಬರೆದವನು ಹಿಂದೆಯೇ ನಿಂತಿದ್ದನು. ಬೈಂದೂರು ಕಡೆಯ ತರುಣ, ಇಪ್ಪತ್ತೆರಡರ ಪ್ರಾಯ; ಹೋಟೆಲೊಂದರಲ್ಲಿ ದೋಸೆಯ ಕಾವಲಿಯ ಮುಂದೆ ನಿಲ್ಲುವವನು. ಊರಿಗೆ ಕಳುಹಿಸಿ ಉಳಿದ ಹಣದಲ್ಲಿ ಕೊಂಡ ಹಾಳೆ ಅದು. ಅದಕ್ಕೆ ಮುಂಚೆ ಎರಡು ಹಾಳೆಗಳು ಹಾಗೆಯೇ ಹಾಳಾಗಿದ್ದುವಂತೆ. ನಾವು ಮಾತನಾಡಿಸಿದಾಗ ನಗುತ್ತಲೇ ಅಂದನು: “ನಮ್ಮ ಕೈಯೇ ಹಾಗೆ ಮಾಷ್ಟ್ರೇ. ಇದು ನಮಗೆ ಹೇಳಿಸಿದ್ದಲ್ಲ.”

ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೃಷ್ಣ ಹೆಬ್ಬಾರರು ಇದೇ ಮುಂಬಯಿಗೆ ಬಂದು, ಸರ್ ಜೆ.ಜೆ. ಕಲಾಶಾಲೆಯಲ್ಲಿ ಕಲಿತು, ಅಲ್ಲಿಯೇ ಪಾಠ ಹೇಳಿ, ದೇಶದ ದೊಡ್ಡ ಚಿತ್ರಕಾರರಲ್ಲಿ ಒಬ್ಬರಾದರೆಂಬುದನ್ನು ನಾವು ಅವನಿಗೆ ನೆನಪಿಸಬಹುದಾಗಿತ್ತು. ಆದರೆ ದೊಡ್ಡವರ ಹೆಸರು ಹೇಳಿದ ಮಾತ್ರಕ್ಕೆ ಹಾಳೆಯ ಸುಕ್ಕು ಹೋಗುವುದಿಲ್ಲ. ಅವನಿಗೆ ಆಗ ತಿಳಿಯಬೇಕಾಗಿದ್ದ ಸಂಗತಿ ಬೇರೆ: ಆ ಆಕಾಶವನ್ನು ಕೆಡಿಸಿದ್ದು ಅವನ ಕೈ ಅಲ್ಲ. ಒಂದು ಕಡೆ ನೆನೆದು ಇನ್ನೊಂದು ಕಡೆ ಒಣಗಿದ್ದ ಕಾಗದವು ತನ್ನ ಸ್ವಭಾವಕ್ಕೆ ತಕ್ಕಂತೆ ನಡೆದುಕೊಂಡಿತು, ಅಷ್ಟೆ. ಆ ಸ್ವಭಾವವನ್ನು ಅರಿತವನು ಅಗ್ಗದ ಹಾಳೆಯನ್ನೂ ನೆಟ್ಟಗೆ ಇಡಬಲ್ಲನು. ಆ ಸಂಜೆ ಗದ್ದಲದಲ್ಲಿ ಅವನಿಗೆ ಪೂರ್ತಿಯಾಗಿ ಹೇಳಲಾಗದ ಮಾತನ್ನು ಇಲ್ಲಿ ಬರೆಯುತ್ತಿದ್ದೇವೆ. ಅವನಂಥವರು ನಮ್ಮ ವಾಚಕರಲ್ಲಿ ಅನೇಕರು ಇರಬಹುದು.

ಕಚೇರಿಯಲ್ಲಿ ಕೆಲಸ ಮಾಡುವವರು ಮಳೆಗಾಲದಲ್ಲಿ ಒಂದು ವಿಷಯವನ್ನು ಕಂಡೇ ಇರುತ್ತಾರೆ. ಜೂನ್ ಕಳೆದು ಜುಲೈ ಬಂದಿತೆಂದರೆ ಕಪಾಟಿನಲ್ಲಿಟ್ಟ ಕಾಗದದ ಕಟ್ಟುಗಳ ಅಂಚು ಅಲೆಅಲೆಯಾಗುತ್ತದೆ. ಯಾರೂ ಅದರ ಮೇಲೆ ನೀರು ಚೆಲ್ಲಿದ್ದಿಲ್ಲ. ಗಾಳಿಯ ತೇವವನ್ನು ಅಂಚುಗಳು ಮೊದಲು ಕುಡಿಯುತ್ತವೆ. ಕಟ್ಟಿನ ನಡುಭಾಗಕ್ಕೆ ತೇವವು ತಲುಪಿರುವುದಿಲ್ಲ. ತೇವ ಕುಡಿದ ಅಂಚು ಬೆಳೆಯುತ್ತದೆ, ಕುಡಿಯದ ನಡುಭಾಗವು ಇದ್ದಂತೆಯೇ ಇರುತ್ತದೆ. ಬೆಳೆದ ಅಂಚಿಗೆ ಜಾಗವೆಲ್ಲಿ? ಅದು ಮೇಲಕ್ಕೂ ಕೆಳಕ್ಕೂ ಹೊರಳಿ ಅಲೆಯಾಗುತ್ತದೆ. ಸಂಜೆ ಆರು ಗಂಟೆಯ ಲೋಕಲಿನಲ್ಲಿ ನಿಂತವರ ನಡುವೆ ಇನ್ನೂ ಇಬ್ಬರು ನುಗ್ಗಿದಾಗ, ಅತ್ತಿತ್ತ ಸರಿಯಲು ಎಡೆಯಿಲ್ಲದೆ ನಡುವಿನವನು ಕಾಲ್ಬೆರಳ ಮೇಲೆ ಎದ್ದು ನಿಲ್ಲುವುದಿಲ್ಲವೇ, ಒದ್ದೆಯಾದ ಕಾಗದದ ಪಾಡೂ ಹಾಗೆಯೇ. ಸುತ್ತಲಿನ ಒಣ ಭಾಗವು ಬಿಡದು. ಆದುದರಿಂದ ಅದು ಎದ್ದು ನಿಲ್ಲುತ್ತದೆ.

ಕಾಗದವು ಬೆಳೆಯುವುದೇಕೆ? ಗಿಡಗಳ ನಾರಿನಿಂದ ಕಾಗದವಾಗುತ್ತದೆ. ಮರದ ತಿರುಳು, ಹತ್ತಿಯ ಚಿಂದಿ, ಯಾವುದೇ ಆಗಲಿ, ಅದರ ಮುಖ್ಯ ದ್ರವ್ಯವು ಸೆಲ್ಯುಲೋಸ್. ಅದಕ್ಕೂ ನೀರಿಗೂ ಬಲು ನಂಟು. ನೀರು ಸೋಕುತ್ತಲೇ ನಾರಿನ ಎಳೆಯು ನೀರನ್ನು ಹೀರಿ ಉಬ್ಬುತ್ತದೆ. ಉಬ್ಬುವುದು ಮುಖ್ಯವಾಗಿ ಅಡ್ಡಕ್ಕೆ. ಉದ್ದಕ್ಕೆ ಬೆಳೆಯುವುದು ಅತ್ಯಲ್ಪ. ನೆನೆದ ಅವಲಕ್ಕಿಯು ದಪ್ಪವಾಗುವಷ್ಟು ನೀಳವಾಗದು ಎಂಬುದನ್ನು ನೆನೆದರೆ ಇದು ಮನಸ್ಸಿಗೆ ನಾಟೀತು.

ಇನ್ನು, ಯಂತ್ರದಲ್ಲಿ ಕಾಗದ ಮಾಡುವಾಗ ತಿರುಳು ನೀರಿನ ಜೊತೆಗೆ ಓಡುವ ಜಾಲರಿಯ ಮೇಲೆ ಹರಿಯುತ್ತದಷ್ಟೆ. ಎಳೆಗಳಲ್ಲಿ ಹೆಚ್ಚಿನವು ಜಾಲರಿ ಓಡುವ ದಿಕ್ಕಿಗೇ ತಲೆ ಮಾಡಿ ಮಲಗುತ್ತವೆ. ಆದಕಾರಣ ಯಂತ್ರದ ಕಾಗದಕ್ಕೆ ಮರಕ್ಕಿರುವಂತೆ ಒಂದು ಎಳೆಯ ದಿಕ್ಕು ಉಂಟು. ಎಳೆಗಳು ಮಲಗಿದ ದಿಕ್ಕಿಗೆ ಅಡ್ಡವಾಗಿ ಹಾಳೆಯು ಹೆಚ್ಚು ಬೆಳೆಯುತ್ತದೆ. ಚೆನ್ನಾಗಿ ನೆನೆದ ಹಾಳೆಯು ಆ ದಿಕ್ಕಿನಲ್ಲಿ ನೂರಕ್ಕೆ ಒಂದೆರಡು ಪಾಲು ಹಿಗ್ಗುವುದುಂಟು. ಕೇಳಲು ಸ್ವಲ್ಪವೆನಿಸಬಹುದು; 15 ಅಂಗುಲ ಅಗಲದ ಹಾಳೆಯಲ್ಲಿ ಅದು ಸುಮಾರು ಕಾಲು ಅಂಗುಲವಾಯಿತು. ಕಾಲು ಅಂಗುಲದ ಹೆಚ್ಚುವರಿ ಕಾಗದವನ್ನು ಅಡಗಿಸಿಡಲು ಎಷ್ಟು ಸುಕ್ಕು ಬೇಕೆಂದು ಯಾರಾದರೂ ಊಹಿಸಬಹುದು.

ಎಳೆಯ ದಿಕ್ಕನ್ನು ಕಾಣಬೇಕೆನ್ನುವವರು ಈ ಪತ್ರಿಕೆಯನ್ನೇ ತೆಗೆದುಕೊಳ್ಳಲಿ, ಓದಿ ಮುಗಿಸಿದ ಮೇಲೆ! ಪುಟವನ್ನು ಮೇಲಿನಿಂದ ಕೆಳಕ್ಕೆ ಹರಿದರೆ ಅಂಕಣದ ಸಾಲಿನಂತೆ ನೇರವಾಗಿ ಹರಿಯುತ್ತದೆ. ಅಡ್ಡಕ್ಕೆ ಹರಿದರೆ ಹಲ್ಲುಹಲ್ಲಾಗಿ ಎಲ್ಲೆಲ್ಲಿಗೋ ಹೋಗುತ್ತದೆ. ನೇರವಾಗಿ ಹರಿಯುವುದೇ ಎಳೆಯ ದಿಕ್ಕು. ಚಿತ್ರದ ಹಾಳೆಯನ್ನು ಹರಿಯಲು ಮನಸ್ಸಾಗದಿದ್ದರೆ, ಅದರ ಮೂಲೆಯಿಂದ ಒಂದು ಚಿಕ್ಕ ಚೌಕವನ್ನು ಕತ್ತರಿಸಿ ಒಂದೇ ಮಗ್ಗುಲನ್ನು ಒದ್ದೆ ಮಾಡಿ ನೋಡಿ; ಅದು ಕೊಳವೆಯಂತೆ ಸುರುಳಿಕೊಳ್ಳುತ್ತದೆ. ಆ ಕೊಳವೆಯ ಉದ್ದವೇ ಎಳೆಯ ಉದ್ದ. ಕೈಯಿಂದ ಮಾಡಿದ ಕಾಗದದಲ್ಲಿ ಎಳೆಗಳು ಎಲ್ಲ ದಿಕ್ಕಿಗೂ ಚೆಲ್ಲಿಕೊಂಡಿರುವುದರಿಂದ ಅದು ಎಲ್ಲ ಕಡೆಗೂ ಹೆಚ್ಚು ಕಡಿಮೆ ಸಮನಾಗಿ ಹಿಗ್ಗುತ್ತದೆ.

ಒಣಗಿದ ಮೇಲಾದರೂ ಸುಕ್ಕು ಹೋಗಬಾರದೇ ಎಂದು ಕೇಳಬಹುದು. ಹೋಗುವುದಿಲ್ಲ. ಒದ್ದೆಯಾದಾಗ ಎಳೆಗಳ ನಡುವಣ ಹಿಡಿತ ಸಡಿಲಿ ಅವು ಅಲ್ಪಸ್ವಲ್ಪ ಜರುಗಿರುತ್ತವೆ. ಒಣಗುವಾಗ ಹೊಸ ಜಾಗದಲ್ಲಿಯೇ ಮತ್ತೆ ಬಿಗಿದುಕೊಳ್ಳುತ್ತವೆ. ಅಲ್ಲದೆ ಒಣಗುವುದೂ ಒಂದೇ ಸಮನಲ್ಲ. ಊರಿನಲ್ಲಿ ಅಂಗಳದ ಚಾಪೆಯ ಮೇಲೆ ಹಪ್ಪಳ ಒಣಹಾಕಿದ್ದನ್ನು ನೋಡದವರು ನಮ್ಮಲ್ಲಿ ಯಾರು? ಬಿಸಿಲಿಗೆ ಮೇಲ್ಮಗ್ಗುಲು ಮೊದಲು ಒಣಗಿ ಕುಗ್ಗುತ್ತದೆ, ಅಂಚು ಮೇಲಕ್ಕೆ ಸೆಟೆಯುತ್ತದೆ. ಅಜ್ಜಿಯು ಬಂದು ಮಗುಚಿ ಹಾಕಿ ಅಂಗೈಯಿಂದ ಒತ್ತುತ್ತಾಳೆ. ಕಾಗದಕ್ಕೂ ಅದೇ ಶುಶ್ರೂಷೆ ಬೇಕು.

ಹೀಗಿರುವಲ್ಲಿ ದೋಷವು ನೀರಿನದಲ್ಲ, ಅಸಮತೆಯದು ಎಂದು ತಿಳಿಯುತ್ತದೆ. ಇಡೀ ಹಾಳೆಯು ಒಂದೇ ಸಮನಾಗಿ ನೆನೆದು, ಒಂದೇ ಸಮನಾಗಿ ಹಿಗ್ಗಿದರೆ ಸುಕ್ಕಿಗೆ ಕಾರಣವೇ ಉಳಿಯದು. ಇದಕ್ಕೆ ನಮ್ಮ ದೇಶದ ಚಿತ್ರಕಲೆಯ ಚರಿತ್ರೆಯಲ್ಲಿಯೇ ಒಂದು ಒಳ್ಳೆಯ ನಿದರ್ಶನವುಂಟು. 1903ರಲ್ಲಿ ಯೊಕೊಯಾಮ ತೈಕಾನ್ ಮತ್ತು ಹಿಶಿದ ಶುನ್ಸೊ ಎಂಬ ಜಪಾನಿನ ಚಿತ್ರಕಾರರಿಬ್ಬರು ಕಲ್ಕತ್ತೆಗೆ ಬಂದರು. ತೈಕಾನರು ಬರೆದ ಚಿತ್ರದ ಮೇಲೆ ಬರಿಯ ನೀರಿನ ಕುಂಚವನ್ನು ಆಡಿಸುವುದನ್ನು ಅಬನೀಂದ್ರನಾಥ ಟಾಗೋರರು ಕಂಡರು; ತಾವು ಒಂದು ಹೆಜ್ಜೆ ಮುಂದೆ ಹೋಗಿ ಚಿತ್ರವನ್ನೇ ನೀರಿನಲ್ಲಿ ಅದ್ದಿದರು. ಬಣ್ಣ ಹಾಕುವುದು, ಒಣಗಿದ ಮೇಲೆ ಹಾಳೆಯನ್ನು ಪೂರ್ತಿ ಮುಳುಗಿಸುವುದು, ಮತ್ತೆ ಬಣ್ಣ ಹಾಕುವುದು: ಹೀಗೆ ಹಲವು ಸಲ. ಬಂಗಾಳದ ವಾಷ್ ಪದ್ಧತಿ ಎಂದು ಪ್ರಸಿದ್ಧವಾದುದು ಇದೇ; 1905ರ ‘ಭಾರತಮಾತೆ’ಯ ಮಂಜಿನಂಥ ಬಣ್ಣವೂ ಇದರಿಂದಲೇ ಬಂದದ್ದು. ಅಷ್ಟು ಸಲ ಮುಳುಗಿ ಎದ್ದರೂ ಹಾಳೆ ಕೆಡಲಿಲ್ಲ. ನಮ್ಮ ಕೆ. ವೆಂಕಟಪ್ಪನವರು ಮೈಸೂರು ಸಂಸ್ಥಾನದ ಆಶ್ರಯದಿಂದ ಕಲ್ಕತ್ತೆಗೆ ಹೋಗಿ ಕಲಿತದ್ದು ಈ ಅಬನೀಂದ್ರನಾಥರ ಬಳಿಯಲ್ಲಿಯೇ. ಮುಂದೆ ಅವರು ಬರೆದ ಉದಕಮಂಡಲ, ಕೊಡೈಕನಾಲುಗಳ ನೀರುಬಣ್ಣದ ನೋಟಗಳಲ್ಲಿ ಮೋಡವೂ ಮಂಜೂ ಕಾಗದದ ಮೇಲೆ ಎಷ್ಟು ಸಮನಾಗಿ ಹರಡಿವೆಯೆಂಬುದನ್ನು ನೋಡಿದವರೇ ಬಲ್ಲರು.

ದಪ್ಪ ಕಾಗದವನ್ನು ಕೊಂಡರೆ ಈ ತೊಡಕೆಲ್ಲ ತಪ್ಪುವುದೆಂದು ಅಂಗಡಿಯವನು ಹೇಳುತ್ತಾನೆ. ಅವನ ಮಾತು ಸುಳ್ಳಲ್ಲ. ಚದರ ಮೀಟರಿಗೆ 640 ಗ್ರಾಂ ತೂಗುವ ಹಾಳೆಯು ರಟ್ಟಿನಂತೆ ಗಟ್ಟಿ. ಅದನ್ನು ಹಾಗೆಯೇ ಮೇಜಿನ ಮೇಲಿಟ್ಟು ಬರೆಯಬಹುದು. 300 ಗ್ರಾಮಿನದು ನಡುತರದ್ದು. ಕಡಿಮೆ ನೀರಿಗೆ ತಡೆಯುತ್ತದೆ, ಹೆಚ್ಚು ನೀರಾದರೆ ಏಳುತ್ತದೆ. ಅದಕ್ಕಿಂತ ತೆಳುವಾದುದೆಲ್ಲ ನೀರು ಕಂಡೊಡನೆ ಸುಕ್ಕುವುದೇ. ಆದರೆ 640 ಗ್ರಾಮಿನ ಒಂದು ಹಾಳೆಯ ಬೆಲೆಯನ್ನು ಕೇಳಿ ನಮ್ಮ ತರುಣರು ಅಂಗಡಿಯ ಮೆಟ್ಟಿಲಿಳಿದು ಬರುವುದನ್ನು ನಾವು ಕಂಡಿದ್ದೇವೆ. ಹಿಂದಿನವರು ಇದಕ್ಕೆ ಬೇರೆ ದಾರಿ ಕಂಡುಕೊಂಡಿದ್ದರು. ಮೊಗಲರ, ರಜಪೂತರ ಕಾಲದ ಚಿಕಣಿ ಚಿತ್ರಕಾರರು ತೆಳುವಾದ ಹಾಳೆಗಳನ್ನು ಹಿಟ್ಟಿನ ಅಂಟಿನಿಂದ ಒಂದರ ಮೇಲೊಂದು ಅಂಟಿಸಿ, ಒಣಗಿಸಿ, ನುಣುಪಾದ ಕಲ್ಲಿನಿಂದ ಉಜ್ಜಿ ಗಟ್ಟಿ ಹಾಳೆ ಮಾಡಿಕೊಳ್ಳುತ್ತಿದ್ದರು. ಅದಕ್ಕೆ ವಸ್ಲಿ ಎಂದು ಹೆಸರು. ಮೈಸೂರಿನ ಸಾಂಪ್ರದಾಯಿಕ ಚಿತ್ರಕಾರರು ಕಾಗದವನ್ನು ಮರದ ಹಲಗೆಗೇ ಅಂಟಿಸಿ ಬರೆಯುತ್ತಿದ್ದರು. ಹಲಗೆಗೆ ಅಂಟಿದ ಕಾಗದವು ಎಲ್ಲಿಗೆ ತಾನೇ ಏಳೀತು?

ಅದೇ ತತ್ತ್ವದ ಮೇಲೆ ನಿಂತ, ಆದರೆ ಚಿತ್ರ ಮುಗಿದ ಮೇಲೆ ಹಾಳೆಯನ್ನು ಬಿಡಿಸಿಕೊಳ್ಳಲು ಬರುವ ಉಪಾಯವೊಂದುಂಟು. ಅದೇ ಹಾಳೆಯನ್ನು ಬಿಗಿಯುವುದು. ಚೆಂಡೆಗೆ ಚರ್ಮ ಕಟ್ಟುವುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ತೊಗಲನ್ನು ನೆನೆಸುತ್ತಾರೆ, ಒದ್ದೆಯಿರುವಾಗಲೇ ಅಂಚನ್ನು ಭದ್ರವಾಗಿ ಹಿಡಿಸುತ್ತಾರೆ. ಒಣಗಿದಂತೆ ಅದು ಕುಗ್ಗುತ್ತದೆ, ಅಂಚು ಬಿಡದಿರುವುದರಿಂದ ಬಿಗಿಯುತ್ತದೆ. ಕಾಗದಕ್ಕೂ ಹಾಗೆಯೇ ಮಾಡತಕ್ಕದ್ದು. ಬಿಗಿದ ಹಾಳೆಯ ಮೇಲೆ ಮುಂದೆ ಎಷ್ಟು ನೀರು ಬಿದ್ದರೂ, ಅದು ಹಿಗ್ಗುವಷ್ಟನ್ನು ಆ ಬಿಗುವು ನುಂಗಿಕೊಳ್ಳುತ್ತದೆ. ಬರೆಯುವಾಗ ಸ್ವಲ್ಪ ಅಲುಗಿದಂತೆ ಕಂಡರೂ ಒಣಗಿದ ಮೇಲೆ ಮತ್ತೆ ನೆಟ್ಟಗಾಗುತ್ತದೆ.

ಇದಕ್ಕೆ ಬೇಕಾದುದು ಒಂದು ಹಲಗೆ. ಅರ್ಧ ಅಂಗುಲಕ್ಕೆ ಕಡಿಮೆಯಿಲ್ಲದ ದಪ್ಪದ ಪ್ಲೈವುಡ್ಡು ಒಳ್ಳೆಯದು. ಮುಕ್ಕಾಲು ಅಂಗುಲವಾದರೆ ಇನ್ನೂ ಲೇಸು. ತೆಳುವಾದ ಹಾರ್ಡ್‌ಬೋರ್ಡನ್ನು ತಂದರೆ ಕಾಗದದ ಎಳೆತಕ್ಕೆ ಅದೇ ಬಿಲ್ಲಿನಂತೆ ಬಾಗಿ ನಿಲ್ಲುತ್ತದೆ. ಹೋಟೆಲಿನ ನುಣುಪು ಕಲ್ಲಿನ ಮೇಜು ಇರುವಾಗ ಹಲಗೆಯೇಕೆಂದು ಒಬ್ಬರು ಕೇಳಿದರು. ಕಲ್ಲು ನೀರು ಕುಡಿಯದು, ಹಾಳೆಯ ತಳ ಬೇಗ ಒಣಗದು. ಮೇಲಾಗಿ ಬೆಳಿಗ್ಗೆ ಆರಕ್ಕೆ ಗಿರಾಕಿ ಬಂದು ಕುಳಿತರೆ ಚಿತ್ರವನ್ನು ಎಲ್ಲಿಗೆ ಒಯ್ಯುವುದು? ಎರಡನೆಯದಾಗಿ ಬೇಕಾದುದು ನೀರು ಸೋಕಿಸಿ ಅಂಟಿಸುವ ಕಂದು ಕಾಗದದ ಗೋಂದು ಪಟ್ಟಿ, ಎರಡು ಅಂಗುಲ ಅಗಲದ್ದು. ಕ್ರಾಫರ್ಡ್ ಮಾರ್ಕೆಟ್ಟಿನ ಹತ್ತಿರ ಅಬ್ದುಲ್ ರೆಹಮಾನ್ ಬೀದಿಯ ಸ್ಟೇಷನರಿ ಅಂಗಡಿಗಳಲ್ಲಿ ಹುಡುಕಬಹುದು. ಹೊಳೆಯುವ ಪ್ಲಾಸ್ಟಿಕ್ ಟೇಪು ಈ ಕೆಲಸಕ್ಕೆ ಬಾರದು.

ಈ ಕೊನೆಯ ಮಾತನ್ನು ನಾವು ಪುಸ್ತಕ ನೋಡಿ ಕಲಿತದ್ದಲ್ಲ. ಗುಮಾಸ್ತಗಿರಿಯ ಮೊದಲ ವರ್ಷಗಳಲ್ಲಿ, ಚಾಳಿನ ಖೋಲಿಯೊಂದರಲ್ಲಿ ನಾಲ್ವರ ಜೊತೆಗೆ ಇದ್ದಾಗ, ನಮಗೂ ನೀರುಬಣ್ಣದ ಹುಚ್ಚು ಹಿಡಿದಿತ್ತು. ಕಚೇರಿಯಲ್ಲಿ ಕಟ್ಟುಗಳಿಗೆ ಹಾಕುತ್ತಿದ್ದ ಪ್ಲಾಸ್ಟಿಕ್ ಟೇಪನ್ನೇ ಒದ್ದೆ ಹಾಳೆಯ ಸುತ್ತ ಒತ್ತಿ ಮಲಗಿದೆವು. ಒದ್ದೆ ಕಾಗದಕ್ಕೆ ಅದು ಹಿಡಿಯಲೇ ಇಲ್ಲ. ಬೆಳಿಗ್ಗೆ ನೋಡಿದರೆ ಹಾಳೆಯು ಸುರುಳಿಯಾಗಿ ಹಲಗೆಯ ಒಂದು ಮೂಲೆಯಲ್ಲಿ ಕುಳಿತಿತ್ತು. ಮರುವಾರ ಗೋಂದು ಪಟ್ಟಿಯನ್ನು ತಂದೆವು. ಆದರೆ ಬೇಗ ಒಣಗಲೆಂದು ಹಲಗೆಯನ್ನು ಸ್ಟೌವಿನ ಪಕ್ಕಕ್ಕೆ ಒರಗಿಸಿಟ್ಟೆವು. ಪಟ್ಟಿಯ ಗೋಂದು ಹಿಡಿಯುವುದಕ್ಕೆ ಮುಂಚೆಯೇ ಕಾವಿನ ಕಡೆಯ ಕಾಗದವು ಒಣಗಿ ಎಳೆದುಕೊಂಡಿತು. ನಡುರಾತ್ರಿಯಲ್ಲಿ ‘ಫಟ್’ ಎಂದು ಸದ್ದಾಯಿತು. ಪಕ್ಕದಲ್ಲಿ ಮಲಗಿದ್ದವರು ಹಲ್ಲಿ ಬಿದ್ದಿತೆಂದು ದೀಪ ಹಾಕಿದರು. ಮೂರನೆಯ ಹಾಳೆಯಲ್ಲಿ ಕೆಲಸ ಸಾಧಿಸಿತು. ಆಮೇಲೆ ಬರೆದ ಚಿತ್ರವು ಹೇಳಿಕೊಳ್ಳುವಂಥದಾಗಿರಲಿಲ್ಲವೆಂಬುದು ಬೇರೆ ವಿಷಯ.

ಕ್ರಮವಿಷ್ಟೆ. ಮೊದಲು ಪಟ್ಟಿಯಿಂದ ನಾಲ್ಕು ತುಂಡುಗಳನ್ನು, ಹಾಳೆಯ ನಾಲ್ಕು ಅಂಚಿಗಿಂತಲೂ ಎರಡೆರಡು ಅಂಗುಲ ಉದ್ದವಾಗಿ, ಕೈ ಒಣಗಿರುವಾಗಲೇ ಕತ್ತರಿಸಿ ದೂರವಿಡಬೇಕು. ಒದ್ದೆ ಕೈಯಲ್ಲಿ ಪಟ್ಟಿಯ ಸುರುಳಿಯನ್ನು ಮುಟ್ಟಿದರೆ ಅದು ಒಳಗೊಳಗೇ ಅಂಟಿ ಕೆಟ್ಟಿತು. ಹಾಳೆಯನ್ನು ಅಗಲವಾದ ತಟ್ಟೆಯಲ್ಲಿ ಅಥವಾ ಬಚ್ಚಲಿನ ತೊಟ್ಟಿಯಲ್ಲಿ ತಣ್ಣೀರಿನೊಳಗೆ ಪೂರ್ತಿ ಮುಳುಗಿಸಬೇಕು. ತೆಳುವಾದ ಹಾಳೆಗೆ ಎರಡು ಮೂರು ನಿಮಿಷ ಸಾಕು. 300 ಗ್ರಾಮಿನದಕ್ಕೆ ಎಂಟು ಹತ್ತು ನಿಮಿಷ. ಮೂಲೆಯನ್ನು ಮೆಲ್ಲಗೆ ಮಡಿಸಿದಾಗ ಅದು ಪುಟಿದು ಹಿಂದಕ್ಕೆ ಬಂದರೆ ಇನ್ನೂ ನೆನೆಯಬೇಕು. ಬಾಗಿದಂತೆಯೇ ನಿಂತರೆ ಹದ ಬಂದಿತು. ಹೆಚ್ಚು ನೆನೆದರೆ ಹೆಚ್ಚು ಒಳ್ಳೆಯದೆಂಬ ಭ್ರಮೆ ಬೇಡ. ಪಂಚೆಗೆ ಗಂಜಿ ಹಾಕುವಂತೆ ಚಿತ್ರದ ಕಾಗದಕ್ಕೂ ತಯಾರಕರು ಜೆಲಟಿನ್ ಮುಂತಾದ ಅಂಟನ್ನು ಊಡಿಸಿರುತ್ತಾರೆ. ಅದು ತೊಳೆದುಹೋದರೆ, ಬಿಸಿನೀರಿನಲ್ಲಿಯಂತೂ ಬೇಗ ಹೋಗುತ್ತದೆ, ಹಾಳೆಯು ಒತ್ತುಕಾಗದದಂತಾಗಿ ಬಣ್ಣವನ್ನೆಲ್ಲ ಒಳಕ್ಕೆ ಎಳೆದುಕೊಳ್ಳುತ್ತದೆ.

ಬಳಿಕ ಎರಡು ಮೂಲೆ ಹಿಡಿದು ಎತ್ತಿ, ನೀರು ಬಸಿದುಹೋಗಲು ಬಿಟ್ಟು, ಹಲಗೆಯ ಮೇಲೆ ಹಾಸಬೇಕು. ನಡುವಿನಿಂದ ಅಂಚಿನ ಕಡೆಗೆ ಒದ್ದೆ ಬಟ್ಟೆಯಿಂದ ಸವರಿದರೆ ಕೆಳಗಿನ ಗಾಳಿಗುಳ್ಳೆಗಳು ಹೊರಡುತ್ತವೆ. ಉಜ್ಜಬಾರದು, ನೆನೆದ ಕಾಗದದ ಮೈ ಬಲು ಮೆತ್ತಗೆ. ಅಂಚಿನ ಒಂದು ಅಂಗುಲದಷ್ಟು ಭಾಗದ ನೀರನ್ನು ಒಣಬಟ್ಟೆಯಿಂದ ಒತ್ತಿ ತೆಗೆದು, ಪಟ್ಟಿಯ ಗೋಂದಿನ ಮಗ್ಗುಲಿಗೆ ಒಮ್ಮೆ ಮಾತ್ರ ಒದ್ದೆ ಸ್ಪಂಜನ್ನು ಎಳೆದು, ಅರ್ಧ ಕಾಗದದ ಮೇಲೂ ಅರ್ಧ ಹಲಗೆಯ ಮೇಲೂ ಬರುವಂತೆ ಅಂಟಿಸಬೇಕು. ಪಟ್ಟಿಯನ್ನು ತೊಪ್ಪೆಯಾಗುವಂತೆ ನೆನೆಸಿದರೆ ಗೋಂದು ತೊಳೆದುಹೋಗುತ್ತದೆ. ಹೆಚ್ಚಿನವರ ಕೆಲಸ ಕೆಡುವುದು ಇಲ್ಲಿಯೇ. ನಾಲ್ಕು ಕಡೆಯೂ ಅಂಟಿಸಿದ ಮೇಲೆ ಹಲಗೆಯನ್ನು ಮಟ್ಟಸವಾಗಿ ಮಲಗಿಸಿಡತಕ್ಕದ್ದು. ಒರಗಿಸಿದರೆ ನೀರೆಲ್ಲ ಕೆಳ ಅಂಚಿಗೆ ಇಳಿದು ಆ ಕಡೆಯ ಪಟ್ಟಿ ಬಿಡುತ್ತದೆ. ಮೊದಮೊದಲು ಹಾಳೆಯು ಉಬ್ಬುತಗ್ಗಾಗಿ ಕಾಣುತ್ತದೆ. ಹೆದರಿ ಪಟ್ಟಿ ಕೀಳಬಾರದು. ರಾತ್ರಿ ಕಳೆಯುವಷ್ಟರಲ್ಲಿ ಅದು ತಾನಾಗಿ ಎಳೆದುಕೊಂಡು ಬೆರಳಿನಿಂದ ತಟ್ಟಿದರೆ ಸದ್ದು ಮಾಡುವಷ್ಟು ಬಿಗಿಯಾಗುತ್ತದೆ. ಮಳೆಗಾಲದಲ್ಲಿ ಒಂದು ಹಗಲು ಹೆಚ್ಚಿಗೆ ಹಿಡಿದೀತು.

ಗೋಂದು ಪಟ್ಟಿ ಸಿಕ್ಕದಿದ್ದರೆ ಮೈದಾ ಅಂಟಿನಿಂದಲೂ ಆಗುತ್ತದೆ. ಹೋಟೆಲಿನವರಿಗೆ ಅದನ್ನು ಕುದಿಸಲು ಕಲಿಸುವುದು ಮೀನಿಗೆ ಈಜು ಕಲಿಸಿದಂತೆ. ನೆನೆದ ಹಾಳೆಯ ಹಿಂಬದಿಯಲ್ಲಿ ಅಂಚಿನುದ್ದಕ್ಕೆ ಅರ್ಧ ಅಂಗುಲ ಮಾತ್ರ ಅಂಟು ಸವರಿ ಹಲಗೆಗೆ ಒತ್ತಿದರಾಯಿತು. ಜಿರಲೆಗಳಿಗೆ ಈ ಅಂಟೆಂದರೆ ಹಬ್ಬದೂಟ. ವಸ್ಲಿ ಮಾಡುವವರು ಅದಕ್ಕಾಗಿಯೇ ಅಂಟಿಗೆ ಮೈಲುತುತ್ತ ಬೆರೆಸುತ್ತಾರೆ. ಅದು ವಿಷವಾದುದರಿಂದ ಅಡಿಗೆಮನೆಯ ಸುತ್ತ ಯಾರೂ ಆ ಪ್ರಯೋಗಕ್ಕೆ ಹೋಗಕೂಡದು.

ಚಿತ್ರ ಮುಗಿದು ಪೂರ್ತಿ ಒಣಗುವ ತನಕ ಹಾಳೆಯನ್ನು ಬಿಡಿಸಲಾಗದು. ಬಿಡಿಸುವಾಗ ಹರಿತವಾದ ಚಾಕುವಿನಿಂದ ಒಂದು ಅಂಚನ್ನೂ, ಬಳಿಕ ಅದರ ಎದುರಿನ ಅಂಚನ್ನೂ ಕತ್ತರಿಸಬೇಕು. ಬಿಗುವು ಒಂದೇ ಕಡೆಗೆ ಎಳೆದು ಹಾಳೆ ಹರಿಯದಿರಲೆಂದು ಈ ಎಚ್ಚರಿಕೆ.

ಸ್ಪರ್ಧೆಗಳಲ್ಲಿ, ಪರೀಕ್ಷೆಗಳಲ್ಲಿ ಇಷ್ಟಕ್ಕೆಲ್ಲ ಸಮಯವೆಲ್ಲಿ? ಅಲ್ಲಿ ನಾಲ್ಕು ಮೂಲೆಗೂ ನಡುವೆಯೂ ಕ್ಲಿಪ್ಪು ಹಾಕಿ, ಕುಂಚದ ನೀರನ್ನು ಬಟ್ಟೆಗೆ ಒತ್ತಿ ಕಡಿಮೆ ಮಾಡಿಕೊಂಡು, ಒಂದು ಭಾಗ ಒಣಗಿದ ಮೇಲೆ ಇನ್ನೊಂದಕ್ಕೆ ಹೋಗುವುದೊಂದೇ ದಾರಿ. ಕಾಗದವು ಹಿಗ್ಗಿ ಸಡಿಲಾದಾಗ ಕ್ಲಿಪ್ಪನ್ನು ತೆಗೆದು ಎಳೆದು ಮತ್ತೆ ಹಾಕಬೇಕು. ಮಕ್ಕಳು ಬಳಸುವ ಪೋಸ್ಟರ್ ಬಣ್ಣವನ್ನು ದಪ್ಪವಾಗಿ ಹಚ್ಚುವುದರಿಂದ ಸುಕ್ಕಿನ ಮೇಲೆ ಅದು ಬಿರುಕು ಬಿಟ್ಟು ಉದುರುವುದೂ ಉಂಟು. ಅದಕ್ಕಂತೂ ಗಟ್ಟಿ ಹಾಳೆಯೇ ಬೇಕು.

ಈಗಾಗಲೇ ಸುಕ್ಕಾದ ಚಿತ್ರಗಳನ್ನು ಪೆಟ್ಟಿಗೆಯಲ್ಲಿ ಮುಚ್ಚಿಟ್ಟವರು ಅವುಗಳನ್ನು ಹೊರಗೆ ತೆಗೆಯಲಿ, ಅವು ಕೆಟ್ಟಿಲ್ಲ. ಚಿತ್ರವನ್ನು ಸ್ವಚ್ಛವಾದ ಕಾಗದದ ಮೇಲೆ ಬೋರಲಾಗಿ ಮಲಗಿಸಿ, ಹಿಂಬದಿಗೆ ಮಾತ್ರ ಒದ್ದೆ ಸ್ಪಂಜಿನಿಂದ ಹಗುರಾಗಿ, ಎಲ್ಲ ಕಡೆಗೂ ಸಮನಾಗಿ ತೇವ ಸೋಕಿಸಬೇಕು. ಮೇಲೆ ಕೆಳಗೆ ಒತ್ತುಕಾಗದವನ್ನಿಟ್ಟು, ಎರಡು ಹಲಗೆಗಳ ನಡುವೆ ಸೇರಿಸಿ, ಮೇಲೆ ಭಾರ ಹೇರಿ ಒಂದೆರಡು ದಿನ ಬಿಡಬೇಕು. ಒತ್ತುಕಾಗದವು ತೇವವಾದಂತೆ ಬದಲಿಸುತ್ತಿರಬೇಕು. ಭಾರಕ್ಕೆ ಕಚೇರಿಯವರಿಗೆ ಹಳೆಯ ರಿಜಿಸ್ಟರುಗಳುಂಟು. ಹೋಟೆಲಿನವರಿಗೆ ಅಕ್ಕಿಯ ಮೂಟೆಯುಂಟು. ಇಸ್ತ್ರಿಪೆಟ್ಟಿಗೆಯ ಆಸೆಯಾದರೆ ಕಡಿಮೆ ಕಾವಿನಲ್ಲಿ, ಹಿಂಬದಿಯಿಂದ, ನಡುವೆ ಬಟ್ಟೆಯನ್ನಿಟ್ಟು ಮಾಡಬಹುದು. ತಗ್ಗುಗಳಲ್ಲಿ ಸೇರಿ ಕಪ್ಪಾದ ಬಣ್ಣವನ್ನು ಮಾತ್ರ ಇದಾವುದೂ ಸರಿಪಡಿಸಲಾರದು. ಕಟ್ಟು ಹಾಕಿಸುವಾಗ ಅಂಗಡಿಯವನು ಇಡೀ ಚಿತ್ರವನ್ನು ಅಂಟು ಬಳಿದು ರಟ್ಟಿಗೆ ಮೆತ್ತಲು ಹೊರಟರೆ ತಡೆಯಿರಿ. ಮೇಲಂಚಿನ ಎರಡು ಕಡೆ ಮಾತ್ರ ಹಿಡಿಸಿ ತೂಗುಬಿಟ್ಟರೆ, ಮುಂಬಯಿಯ ಜುಲೈ ತಿಂಗಳಲ್ಲಿ ಹಿಗ್ಗಿ ಡಿಸೆಂಬರಿನಲ್ಲಿ ಕುಗ್ಗಲು ಕಾಗದಕ್ಕೆ ಎಡೆಯಿರುತ್ತದೆ. ಗಾಜಿಗೂ ಚಿತ್ರಕ್ಕೂ ನಡುವೆ ರಟ್ಟಿನ ಅಂಚು ಇದ್ದು ಅಂತರವಿರಬೇಕು; ಇಲ್ಲವಾದರೆ ತೇವವು ಗಾಜಿಗೆ ಹಿಡಿದು ಬೂಷ್ಟು ಬಂದೀತು.

ಪ್ರದರ್ಶನವಾದ ಎರಡು ವಾರಗಳ ಮೇಲೆ, ಆ ಬೈಂದೂರಿನ ತರುಣನನ್ನು ನಾವು ಅವನ ಹೋಟೆಲಿನ ಮೇಲಿನ ಖೋಲಿಯಲ್ಲಿ ಕಂಡೆವು. ಎಂಟು ಜನ ಮಲಗುವ ಕೊಠಡಿ. ಹಳೆಯ ಕಪಾಟಿನಿಂದ ಬಿಚ್ಚಿದ ಪ್ಲೈವುಡ್ಡಿನ ಹಲಗೆಯೊಂದನ್ನು ಅವನು ಮಾಲಿಕರನ್ನು ಕೇಳಿ ಇಟ್ಟುಕೊಂಡಿದ್ದನು. ಹಾಳೆಯನ್ನು ಬಟಾಟೆ ತೊಳೆಯುವ ದೊಡ್ಡ ಪಾತ್ರೆಯಲ್ಲಿ ನೆನೆಹಾಕಿದೆವು. ಪಾತ್ರೆಯನ್ನು ಮೊದಲು ಮೂರು ಸಲ ತೊಳೆಯಬೇಕಾಯಿತು, ಎಣ್ಣೆಯ ಜಿಡ್ಡು ಹತ್ತಿದ ಕಾಗದಕ್ಕೆ ಬಣ್ಣ ಹಿಡಿಯದಷ್ಟೆ. ಪಟ್ಟಿಯನ್ನು ಅವನೇ ಅಂಟಿಸಿದನು. ದೋಸೆಯ ಹಿಟ್ಟನ್ನು ಕಾವಲಿಯ ಮೇಲೆ ನಡುವಿನಿಂದ ಅಂಚಿಗೆ ಹರಡಿ ಪಳಗಿದ ಆ ಕೈಯು ಹಾಳೆಯನ್ನು ಸವರಿದ ರೀತಿಗೆ ನಾವು ತಿದ್ದುವಂಥದೇನೂ ಇರಲಿಲ್ಲ. ಹಾಳೆಯು ಉಬ್ಬಿ ನಿಂತದ್ದನ್ನು ಕಂಡು, “ಇದು ಮತ್ತೆ ಮೊದಲಿನ ಹಾಗೇ ಆಯಿತಲ್ಲ ಮಾಷ್ಟ್ರೇ” ಎಂದನು. ಬೆಳಗಾಗುವ ತನಕ ಮುಟ್ಟಬೇಡವೆಂದು ಹೇಳಿ ಬಂದೆವು.

ಮರುದಿನ ಬೆಳಿಗ್ಗೆ ಐದು ಗಂಟೆಗೆ ಅವನ ಫೋನು ಬಂದಿತು. ಕಾವಲಿಗೆ ಬೆಂಕಿ ಹಾಕುವ ಮುನ್ನ ಮೇಲೆ ಹತ್ತಿ ಹೋಗಿದ್ದನಂತೆ. ಮಾತನಾಡುವ ಬದಲು ಫೋನನ್ನು ಹಲಗೆಯ ಹತ್ತಿರ ಹಿಡಿದು ಬೆರಳಿನಿಂದ ಎರಡು ಸಲ ತಟ್ಟಿ ಕೇಳಿಸಿದನು.

ಆ ಹಲಗೆಯು ಈಗಲೂ ಅವನ ಮಂಚದ ಕೆಳಗಿದೆ. ಕೆಲಸ ಮುಗಿದ ಮೇಲೆ ದಿನಕ್ಕೆ ಅರ್ಧ ತಾಸು ಸಿಕ್ಕಿದರೆ ಹೆಚ್ಚು. ಸೌಪರ್ಣಿಕೆಯ ಆಕಾಶವು ಮುಗಿದಿದೆ, ಪಟ್ಟೆಯಿಲ್ಲದೆ ಬಂದಿದೆ. ನೀರನ್ನು ಅರ್ಧ ಬರೆದಿದ್ದಾನೆ. ದೋಣಿಯನ್ನು ಬರೆಯುವುದು ಇನ್ನೂ ಬಾಕಿಯಿದೆ.